ಒಂದು ಹುಳು, 658 ಅಕ್ಷರ

ಮದ್ದೂರಿನ ಕಡೆಯಿಂದ ಬೆಳಗಿನ ಬಸ್ಸು ಹತ್ತಿ ಮೈಸೂರಿಗೆ ಬಂದ ದೊಡ್ಡಪ್ಪ, ಕೂತ ಕೂಡಲೇ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಮುಂದಿಟ್ಟರು.

"ಒಸಿ ನೋಡ್ಲಾ ಮಗಾ, ಇದ್ಯಾವ ಹುಳ ಅಂತ. ಜೋಳದ ಸುಳಿನೆಲ್ಲ ತಿಂದಾಕ್ಬುಟ್ಟೈತೆ."

ಗಂಟು ಬಿಚ್ಚಿದೆ. ಒಳಗೆ ಹುಳು ಇರಲಿಲ್ಲ. ಕಂದು ಬಣ್ಣದ ಗೊಜ್ಜಿತ್ತು. ಹಿಂದಿನ ಸಂಜೆ ಹಿಡಿದು, ಬಿಗಿಯಾಗಿ ಕಟ್ಟಿ, ರಾತ್ರಿಯೆಲ್ಲ ಅಡುಗೆಮನೆಯಲ್ಲಿಟ್ಟು, ಬೆಳಿಗ್ಗೆ ಬಸ್ಸಿನ ಸೆಕೆಯಲ್ಲಿ ತಂದರೆ ಇನ್ನೇನಾಗುತ್ತದೆ?

ಊರಿನಲ್ಲಿ ಆಗಲೇ ಮೂರು ಹೆಸರು ಸಿಕ್ಕಿದ್ದವಂತೆ. ಔಷಧಿ ಅಂಗಡಿಯವರು ಕಾಂಡ ಕೊರಕ ಎಂದಿದ್ದರು. ಪಕ್ಕದ ಹೊಲದವರು ಸೈನಿಕ ಹುಳು ಎಂದಿದ್ದರು. ದೊಡ್ಡಪ್ಪನ ಮಗ ಫೋನಿನಲ್ಲಿ ಚಿತ್ರ ನೋಡಿ ಲದ್ದಿ ಹುಳು ಎಂದಿದ್ದ. ಮೂರು ಹೆಸರು, ಮೂರು ಬೇರೆ ಬೇರೆ ಔಷಧಿ. ಇವರಿಗೆ ತಲೆಕೆಟ್ಟು, ಮೈಸೂರಿನ ಲ್ಯಾಬಿನಲ್ಲಿ "ಹುಳದ ಡಿಎನ್‌ಎ ನೋಡೋ ಕೆಲಸ" ಮಾಡುವ ನನ್ನ ನೆನಪಾಗಿದೆ.

ಹೆಸರಿಗೆ ಯಾಕಿಷ್ಟು ಒದ್ದಾಟ? ತಿನ್ನುವುದು ಹುಳು, ಹೊಡೆಯುವುದು ಔಷಧಿ, ಸತ್ತರೆ ಸಾಕು, ಅಲ್ವಾ? ಹಾಗಲ್ಲ. ಪಿರಿಯಾಪಟ್ಟಣ, ಹುಣಸೂರಿನ ಕಡೆ ಶುಂಠಿ ಹಾಕಿದವರನ್ನು ಕೇಳಿ. ಗೆಡ್ಡೆ ಕೊಳೆಯುವುದಕ್ಕೆ ಒಂದೇ ಕಾರಣವಿಲ್ಲ. ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ ಗೆಡ್ಡೆ ಕೊಳೆಸುತ್ತದೆ. ರಾಲ್‌ಸ್ಟೋನಿಯ ಎಂಬ ಬ್ಯಾಕ್ಟೀರಿಯಾ ಕೂಡ ಗಿಡವನ್ನು ಸೊರಗಿಸಿ ಗೆಡ್ಡೆ ಕೊಳೆಸುತ್ತದೆ. ಮೊದಲನೆಯದಕ್ಕೆ ಮೆಟಲಾಕ್ಸಿಲ್ ಹೊಡೆದರೆ ಉಪಯೋಗ ಉಂಟು. ಎರಡನೆಯದಕ್ಕೆ ಅದನ್ನೇ ಡ್ರಮ್ಮುಗಟ್ಟಲೆ ಸುರಿದರೂ ದುಡ್ಡು ಮಣ್ಣಿಗೆ ಹೋಯಿತು ಅಷ್ಟೇ. ಬ್ಯಾಕ್ಟೀರಿಯಾಕ್ಕೂ ಆ ಔಷಧಿಗೂ ಸಂಬಂಧವೇ ಇಲ್ಲ.

ರೇಷ್ಮೆ ಮಾಡುವವರಿಗೆ ಇನ್ನೊಂದು ಕಥೆ ನೆನಪಿರುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಅಲ್ಲಿಂದ ಹಬ್ಬಿ ಹಿಪ್ಪುನೇರಳೆಗೂ ಬಂತು. ಹಿಪ್ಪುನೇರಳೆಗೆ ಔಷಧಿ ಹೊಡೆಯುವುದೇ ಕಷ್ಟ. ಅದೇ ಸೊಪ್ಪನ್ನು ನಾಳೆ ರೇಷ್ಮೆ ಹುಳು ತಿನ್ನಬೇಕು. ಹಿಪ್ಪುನೇರಳೆಗೆ ಮೊದಲಿನಿಂದ ಇದ್ದ, ಟುಕ್ರಾ ಎಂಬ ಸುಳಿ ಮುದುರುವ ತೊಂದರೆ ತರುವ ಹಿಟ್ಟು ತಿಗಣೆ ಬೇರೆ, ಇದು ಬೇರೆ. ಹೆಸರು ಸರಿಯಾಗಿ ಗೊತ್ತಾದ ಮೇಲೆ ಅದರ ತವರೂ ಗೊತ್ತಾಯಿತು, ತವರಿನಲ್ಲಿ ಅದನ್ನು ಹತೋಟಿಯಲ್ಲಿಡುವ ಪುಟ್ಟ ಕಣಜಗಳೂ ಗೊತ್ತಾದವು. 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜ ತಂದು ಬಿಟ್ಟರು. ತಿಗಣೆಯ ಹಾವಳಿ ಇಳಿಯಿತು. ಹೆಸರು ತಪ್ಪಿದ್ದರೆ ತಪ್ಪು ಕಣಜ ಬರುತ್ತಿತ್ತು. ಈ ಕಣಜಗಳು ತಮಗೆ ಒಗ್ಗಿದ ತಿಗಣೆಯನ್ನು ಬಿಟ್ಟು ಬೇರೆಯದರ ತಂಟೆಗೆ ಹೋಗುವುದು ಅಪರೂಪ.

ಸರಿ, ಹೆಸರು ಬೇಕು. ಅದನ್ನು ಕಣ್ಣಲ್ಲೇ ನೋಡಿ ಹೇಳಬಾರದೇ? ಎಷ್ಟೋ ಸಲ ಹೇಳಬಹುದು. ದೊಡ್ಡ ಲದ್ದಿ ಹುಳುವಿನ ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗೆ ಬರೆದ ಹಾಗೆ ಗೆರೆ ಇರುತ್ತದೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಆದರೆ ಮೊಟ್ಟೆಯಿಂದ ಈಗ ತಾನೆ ಹೊರಬಂದ ಮರಿಯಲ್ಲಿ ಇದು ಯಾವುದೂ ಎದ್ದು ಕಾಣುವುದಿಲ್ಲ. ಮೊಟ್ಟೆಯ ಮೇಲಂತೂ ಹೆಸರು ಬರೆದಿರುವುದಿಲ್ಲ. ಮೆಣಸಿನ ಗಿಡದ ಥ್ರಿಪ್ಸ್ ಇರುವುದೇ ಒಂದು ಮಿಲಿಮೀಟರ್ ಉದ್ದ.

ಇನ್ನು ಕೆಲವು ಕೀಟಗಳು ಪೂರ್ತಿ ಬೆಳೆದರೂ ಮೋಸ ಮಾಡುತ್ತವೆ. ಟೊಮೆಟೊ ಎಲೆ ಮುದುರು ರೋಗ ಹರಡುವ ಬಿಳಿ ನೊಣ ನಿಮಗೆ ಗೊತ್ತು. ಬೆಮಿಸಿಯಾ ಟಬಾಸಿ ಎಂಬುದು ಅದರ ಹೆಸರು. ನಾವು ಒಂದೇ ಹೆಸರಿನಲ್ಲಿ ಕರೆಯುವ ಇದು 30ಕ್ಕೂ ಹೆಚ್ಚು ಜಾತಿಗಳ ಒಂದು ಗುಂಪು. ಮೈಕ್ರೋಸ್ಕೋಪಿನಡಿ ಇಟ್ಟರೂ ಒಂದರಿಂದ ಇನ್ನೊಂದನ್ನು ಬೇರೆ ಮಾಡಲಾಗದು. ಆದರೆ ಒಂದು ಕೆಲವು ಔಷಧಿಗೆ ಬಗ್ಗುವುದಿಲ್ಲ, ಇನ್ನೊಂದು ಬಗ್ಗುತ್ತದೆ. ಒಂದು ವೈರಸ್ಸನ್ನು ಜೋರಾಗಿ ಹರಡುತ್ತದೆ, ಇನ್ನೊಂದು ಅಷ್ಟಿಲ್ಲ. 1999ರಲ್ಲಿ ಕೋಲಾರದ ಟೊಮೆಟೊದಲ್ಲಿ ಮಧ್ಯಪ್ರಾಚ್ಯ ಮೂಲದ ಬಿಳಿ ನೊಣ ಸಿಕ್ಕಿತು. ಅದು ಹೊಸಬ ಎಂದು ಖಚಿತವಾಗಿ ಹೇಳಿದ್ದು ಡಿಎನ್‌ಎ. ನೋಡಲು ನಮ್ಮ ನೊಣದ ಹಾಗೆಯೇ ಇತ್ತು.

ಈಗ ಲ್ಯಾಬಿನೊಳಗೆ ಬನ್ನಿ.

ಪ್ರತಿ ಜೀವಿಯ ಡಿಎನ್‌ಎ ನಾಲ್ಕೇ ಅಕ್ಷರದ ಭಾಷೆಯಲ್ಲಿ ಬರೆದ ಪುಸ್ತಕ. ಎ, ಟಿ, ಜಿ, ಸಿ. ಒಂದು ಹುಳುವಿನ ಪುಸ್ತಕದಲ್ಲಿ ಕೋಟಿಗಟ್ಟಲೆ ಅಕ್ಷರ ಇರುತ್ತವೆ. ಹೆಸರು ತಿಳಿಯಲು ಅಷ್ಟನ್ನೂ ಓದಬೇಕಾಗಿಲ್ಲ. ಒಂದು ಪುಟ ಸಾಕು, ಅದು ಸರಿಯಾದ ಪುಟವಾಗಿರಬೇಕು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ 2003ರಲ್ಲಿ ಇದನ್ನೇ ಹೇಳಿದರು. ಅವರು ಆರಿಸಿದ್ದು ಸಿಒಐ ಎಂಬ ಜೀನಿನ ಒಂದು ತುಂಡು. ಕೀಟಗಳಲ್ಲಿ ಸಾಮಾನ್ಯವಾಗಿ 658 ಅಕ್ಷರ. ಅಂಗಡಿಯ ಸಾಮಾನಿನ ಮೇಲಿನ ಗೆರೆಗಳ ಹಾಗೆ ಇದಕ್ಕೆ ಬಾರ್‌ಕೋಡ್ ಎಂದು ಹೆಸರಿಟ್ಟರು.

ಆ ತುಂಡೇ ಯಾಕೆ? ರೇಷನ್ ಕಾರ್ಡು ನೆನಪಿಸಿಕೊಳ್ಳಿ. ಮೇಲಿನ ಸರ್ಕಾರಿ ಲಾಂಛನ, ಕೆಳಗಿನ ಮೊಹರು ಎಲ್ಲರದಕ್ಕೂ ಒಂದೇ. ನಡುವಿನ ವಿವರ ಮಾತ್ರ ಮನೆಮನೆಗೆ ಬೇರೆ. ಸಿಒಐ ಕೂಡ ಹಾಗೇ. ಉಸಿರಾಡುವ ಜೀವಿಗೆ ಈ ಜೀನ್ ಇಲ್ಲದೆ ಆಗುವುದಿಲ್ಲ, ಹಾಗಾಗಿ ಎಲ್ಲ ಕೀಟದಲ್ಲೂ ಇರುತ್ತದೆ. ಅದರ ಎರಡು ತುದಿ ಹೆಚ್ಚು ಕಡಿಮೆ ಎಲ್ಲದರಲ್ಲೂ ಒಂದೇ ಥರ. ಹಾಗಾಗಿ ಯಾವ ಹುಳು ತಂದರೂ ಅದೇ ತುದಿ ಹಿಡಿದು ಎಳೆಯಬಹುದು. ನಡುವಿನ ಅಕ್ಷರಗಳು ಜಾತಿಯಿಂದ ಜಾತಿಗೆ ಬದಲಾಗುತ್ತವೆ. ಇನ್ನೊಂದು ಅನುಕೂಲವೂ ಇದೆ. ಇದು ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯ ಎಂಬ ಭಾಗದಲ್ಲಿರುವ ಜೀನ್. ಒಂದೊಂದು ಕೋಶದಲ್ಲೂ ನೂರಾರು ಪ್ರತಿ ಇರುತ್ತದೆ. ಒಣಗಿದ ಒಂದು ಕಾಲು ಸಿಕ್ಕರೂ ಓದಬಹುದು.

ಕಾಲು ಎಂದೆ ನೋಡಿ, ಅದು ಮುಖ್ಯ. ನಾವು ಇಡೀ ಹುಳುವನ್ನು ಅರೆಯುವುದಿಲ್ಲ. ಒಂದು ಕಾಲು ಅಥವಾ ಬಾಲದ ಚೂರು ತೆಗೆದು ಉಳಿದದ್ದನ್ನು ಎತ್ತಿಡುತ್ತೇವೆ. ನಾಳೆ ಯಾರಾದರೂ ಅನುಮಾನ ಪಟ್ಟರೆ ತೋರಿಸಲು ದೇಹ ಇರಬೇಕಲ್ಲ. ಮರಿಹುಳುವಿನ ಹೊಟ್ಟೆಯ ಭಾಗ ಮುಟ್ಟದಿರುವುದೇ ಒಳ್ಳೆಯದು. ಅಲ್ಲಿ ಅರ್ಧ ಜೋಳದ ಎಲೆಯೇ ಇರುತ್ತದೆ.

ಆ ಚೂರನ್ನು ಅರೆದು, ಸೋಪಿನಂಥ ದ್ರಾವಣದಲ್ಲಿ ನೆನೆಸಿ, ಕೋಶಗಳನ್ನು ಒಡೆದು ಡಿಎನ್‌ಎ ತೊಳೆದು ತೆಗೆಯುತ್ತೇವೆ. ಸಿಗುವುದು ಕಣ್ಣಿಗೆ ಕಾಣದಷ್ಟು. ಅದನ್ನು ಹೆಚ್ಚಿಸುವುದೇ ಪಿಸಿಆರ್. 1983ರಲ್ಲಿ ಕ್ಯಾರಿ ಮುಲ್ಲಿಸ್‌ಗೆ ಹೊಳೆದ ಉಪಾಯ ಇದು, ಹತ್ತು ವರ್ಷದ ಮೇಲೆ ನೊಬೆಲ್ ತಂದುಕೊಟ್ಟಿತು. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಹೆಸರು. ಟ್ಯೂಬನ್ನು 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಜೋಡಿ ಎಳೆ ಬಿಚ್ಚಿಕೊಳ್ಳುತ್ತದೆ. 50ರ ಆಸುಪಾಸಿಗೆ ಇಳಿಸಿದರೆ ನಾವು ಹಾಕಿದ ಪ್ರೈಮರ್ ಎಂಬ ಸಣ್ಣ ತುಂಡುಗಳು ಆ ಎರಡು ತುದಿಗೆ ಹೋಗಿ ಕೂರುತ್ತವೆ. 72ಕ್ಕೆ ಏರಿಸಿದರೆ ಒಂದು ಕಿಣ್ವ ನಡುವಿನ ಭಾಗವನ್ನು ನಕಲು ಮಾಡುತ್ತದೆ. ಈ ಕಿಣ್ವದ ಮೂಲ ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ, ಅದಕ್ಕೇ ಕುದಿದರೂ ಜಗ್ಗುವುದಿಲ್ಲ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಲೆಕ್ಕದ ಪ್ರಕಾರ 30 ಸುತ್ತಿಗೆ ಒಂದು ಪ್ರತಿ 107 ಕೋಟಿ ದಾಟುತ್ತದೆ. ಎರಡು ಮೂರು ಗಂಟೆಯ ಕೆಲಸ. ನಾವು ಹೋಗಿ ಊಟ ಮಾಡಿ ಬರುತ್ತೇವೆ.

ನಕಲು ಸಿಕ್ಕಿತು, ಓದುವುದು ಹೇಗೆ? ಫ್ರೆಡರಿಕ್ ಸ್ಯಾಂಗರ್ 1977ರಲ್ಲಿ ಕಂಡುಹಿಡಿದ ದಾರಿ ಇವತ್ತಿಗೂ ಇಂಥ ಚಿಕ್ಕ ಕೆಲಸಕ್ಕೆ ನಂಬಿಕಸ್ಥ. ಮತ್ತೆ ನಕಲು ಮಾಡಿಸುತ್ತಾರೆ, ಆದರೆ ಈ ಸಲ ಅಕ್ಷರಗಳ ಜೊತೆ ಕೆಲವು ಬಣ್ಣದ 'ನಿಲ್ಲು' ಅಕ್ಷರಗಳನ್ನು ಬೆರೆಸಿರುತ್ತಾರೆ. ಅದು ಕೂತಲ್ಲಿ ನಕಲು ನಿಂತುಹೋಗುತ್ತದೆ. 'ಮಹದೇಶ್ವರ' ಎಂಬ ಪದವನ್ನು ಹೀಗೆ ನಕಲು ಮಾಡಿದಿರಿ ಎನ್ನಿ. ಒಂದು ಚೂರು 'ಮ'ಗೆ ನಿಲ್ಲುತ್ತದೆ. ಇನ್ನೊಂದು 'ಮಹ'ಕ್ಕೆ. ಮತ್ತೊಂದು 'ಮಹದೇ'ಗೆ. ಆಮೇಲೆ 'ಮಹದೇಶ್ವ', 'ಮಹದೇಶ್ವರ'. ಇವನ್ನು ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಕೊನೆಯ ಅಕ್ಷರ ಮಾತ್ರ ಓದಿ. ಮ, ಹ, ದೇ, ಶ್ವ, ರ. ಪದ ಸಿಕ್ಕಿತು! ಯಂತ್ರ ಮಾಡುವುದೂ ಇದನ್ನೇ. ಕೂದಲಿನಂಥ ಕೊಳವೆಯೊಳಗೆ ಚೂರುಗಳನ್ನು ಕರೆಂಟಿನಲ್ಲಿ ಎಳೆಯುತ್ತದೆ. ಗಿಡ್ಡದ್ದು ಮೊದಲು ಬರುತ್ತದೆ. ಬಾಗಿಲಲ್ಲಿ ಲೇಸರ್ ಕೂತು ಬಣ್ಣ ಬರೆದುಕೊಳ್ಳುತ್ತದೆ. ನಾಲ್ಕು ಬಣ್ಣ, ನಾಲ್ಕು ಅಕ್ಷರ. ಒಂದು ಓಟಕ್ಕೆ ಸುಮಾರು 700 ಅಕ್ಷರ ಚೆನ್ನಾಗಿ ಓದಲು ಬರುತ್ತದೆ. ನಮ್ಮ 658 ಅದರೊಳಗೆ ಹಿಡಿಸುತ್ತದೆ.

ಕೊನೆಗೆ ಕೈಗೆ ಬರುವುದು ಅಕ್ಷರದ ಸಾಲು. ಅದನ್ನು ನೋಡಿದರೆ ನನಗೂ ಏನೂ ತಿಳಿಯುವುದಿಲ್ಲ. ಜೀನ್‌ಬ್ಯಾಂಕ್, ಬೋಲ್ಡ್ ಎಂಬ ದೊಡ್ಡ ಭಂಡಾರಗಳಿವೆ. ಲೋಕದ ಲ್ಯಾಬುಗಳೆಲ್ಲ ತಾವು ಓದಿದ ಸಾಲುಗಳನ್ನು ಅಲ್ಲಿ ಹಾಕಿವೆ. ನಮ್ಮ ಸಾಲನ್ನು ಅವುಗಳ ಜೊತೆ ಹೋಲಿಸಿದರೆ, ಇಂಥ ಜಾತಿಗೆ ನೂರಕ್ಕೆ ಇಷ್ಟು ಹೊಂದುತ್ತದೆ ಎಂದು ಉತ್ತರ ಬರುತ್ತದೆ.

ಡಿಎನ್‌ಎ ಪರೀಕ್ಷೆ ಬಂದ ಮೇಲೆ ಕೀಟಗಳ ರೂಪ ನೋಡಿ ಗುರುತಿಸುವವರು ಬೇಕಾಗಿಲ್ಲ ಎಂದು ಕೆಲವರು ಮಾತಾಡುವುದುಂಟು. ಇದು ನನಗೆ ಒಪ್ಪಿಗೆಯಿಲ್ಲದ ಮಾತು. ಭಂಡಾರದಲ್ಲಿ ಸಾಲಿನ ಪಕ್ಕದಲ್ಲಿ ಹೆಸರು ಬರೆದವರು ಯಾರು? ರೆಕ್ಕೆಯ ನರ ಎಣಿಸಿ, ಗಂಡು ಪತಂಗದ ಜನನಾಂಗ ಬಿಡಿಸಿ ನೋಡಿ, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟವರೇ. ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಂಥ ಕಡೆ ಆ ಪೆಟ್ಟಿಗೆಗಳಿವೆ. ಅವರು ತಪ್ಪು ಹೆಸರು ಬರೆದಿದ್ದರೆ ನನ್ನ ಯಂತ್ರ ನೂರಕ್ಕೆ ನೂರು ಹೊಂದಿಸಿ ಅದೇ ತಪ್ಪನ್ನು ಹೇಳುತ್ತದೆ. ಭಂಡಾರದಲ್ಲಿ ಇಲ್ಲದ ಕೀಟ ಬಂದರೆ ಹತ್ತಿರದ ನೆಂಟನ ಹೆಸರು ತೋರಿಸಿ ಸುಮ್ಮನಾಗುತ್ತದೆ. ಹಾಗೆ ತಪ್ಪು ಹೆಸರಿನ ಸಾಲುಗಳು ಭಂಡಾರದಲ್ಲಿ ಇವೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಜೋಳದಲ್ಲಿ ಲದ್ದಿ ಹುಳು ಸಿಕ್ಕಾಗಲೂ ರೂಪ, ಡಿಎನ್‌ಎ ಎರಡನ್ನೂ ನೋಡಿಯೇ ಹೆಸರು ಹೇಳಿದ್ದು. ದಕ್ಷಿಣ, ಉತ್ತರ ಅಮೆರಿಕದ ಈ ಹುಳು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತ್ತು. ಏಷ್ಯಾದಲ್ಲಿ ಮೊದಲು ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ.

ಈ ಹುಳುವಿನಲ್ಲೇ ಒಂದು ಸೊಗಸಾದ ತಿರುವು ಇದೆ. ಅಮೆರಿಕದಲ್ಲಿ ಇದಕ್ಕೆ ಎರಡು ಗುಂಪು, ಒಂದು ಜೋಳದ್ದು, ಇನ್ನೊಂದು ಭತ್ತದ್ದು. ನೋಡಲು ಎರಡೂ ಒಂದೇ. ಭಾರತದ ಹುಳುಗಳ ಸಿಒಐ ಓದಿದರೆ ಹೆಚ್ಚಿನವು ಭತ್ತದ ಗುಂಪು ಎಂದು ಬಂತು. ನಾಲೆ ನೀರಿನ ಮಂಡ್ಯದವರಿಗೆ ಇದನ್ನು ಹೇಳಿದರೆ ಎದೆ ಧಸಕ್ ಎನ್ನಬೇಕು. ಆದರೆ ಹುಳು ಗದ್ದೆ ಬಿಟ್ಟು ಜೋಳವನ್ನೇ ಮೇಯುತ್ತಿತ್ತು. ಟಿಪಿಐ ಎಂಬ ಇನ್ನೊಂದು ಜೀನ್ ಓದಿದಾಗ ಜೋಳದ ಗುಂಪು ಎಂದು ಬಂತು. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ಸಿಒಐ ತಾಯಿಯ ಕಡೆಯ ವಂಶವನ್ನಷ್ಟೇ ಹೇಳುತ್ತದೆ. ಹಿಂದೆ ಎಂದೋ ಎರಡು ಗುಂಪು ಕೂಡಿದ್ದರೆ ತಂದೆಯ ಕಡೆಯದು ಅದರಲ್ಲಿ ಕಾಣುವುದೇ ಇಲ್ಲ. ಒಂದೇ ಪುಟ ಓದಿ ತೀರ್ಪು ಕೊಟ್ಟರೆ ಹೀಗಾಗುತ್ತದೆ.

ನಂಜನಗೂಡು ರಸಬಾಳೆಯನ್ನು ಹಾಳುಗೆಡವಿದ ಪನಾಮ ಸೊರಗು ರೋಗದಲ್ಲೂ ಇದೇ ತೊಡಕು. ಅದನ್ನು ತರುವ ಶಿಲೀಂಧ್ರ ಫ್ಯುಸೇರಿಯಂ. ಅದರಲ್ಲಿ ಏನೂ ಮಾಡದ ಪಾಪದವೂ ಮಣ್ಣಿನಲ್ಲಿ ಬೇಕಾದಷ್ಟಿವೆ. ಶಿಲೀಂಧ್ರಗಳಿಗೆ ಸಿಒಐ ಬದಲು ಐಟಿಎಸ್ ಎಂಬ ತುಂಡು ಓದುತ್ತಾರೆ, 2012ರಲ್ಲಿ ಅದನ್ನೇ ಅವುಗಳ ಬಾರ್‌ಕೋಡ್ ಎಂದು ಒಪ್ಪಿದರು. ಆದರೆ ಇಲ್ಲಿ ಐಟಿಎಸ್ 'ಫ್ಯುಸೇರಿಯಂ' ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಕಳ್ಳ ಯಾರು, ಸಾಧು ಯಾರು ಹೇಳುವುದಿಲ್ಲ. ಬೇರೆ ಜೀನುಗಳನ್ನು ಓದಬೇಕು. ರಸಬಾಳೆಗೆ ತಗಲುವ, ರೇಸ್ 1 ಎಂಬ ಬಗೆಯ ಫ್ಯುಸೇರಿಯಂ ಸಾಮಾನ್ಯವಾಗಿ ಪಚ್ಚಬಾಳೆಗೆ ತಗಲುವುದಿಲ್ಲ. ಪಚ್ಚಬಾಳೆಯನ್ನೂ ಕೊಲ್ಲುವ ಟಿಆರ್4 ಎಂಬ ಇನ್ನೊಂದು ಬಗೆ ಬಿಹಾರದಲ್ಲಿ ಈಗಾಗಲೇ ಕಾಣಿಸಿಕೊಂಡಿದೆ. ಎರಡನ್ನೂ ಮೈಕ್ರೋಸ್ಕೋಪಿನಲ್ಲಿ ಬೇರೆ ಮಾಡಲಾಗದು. ಟಿಆರ್4 ಬಂದಿದೆಯೇ ಎಂದು ತಿಳಿಯಲು ಅದಕ್ಕೆಂದೇ ಮಾಡಿದ ಪಿಸಿಆರ್ ಇದೆ. ಇಂಥ ಕಡೆ ಡಿಎನ್‌ಎ ಪರೀಕ್ಷೆಗೆ ಖರ್ಚು ಮಾಡಿದ್ದು ಸಾರ್ಥಕ ಎಂದು ನನಗನ್ನಿಸುತ್ತದೆ.

ವೈರಸ್ಸುಗಳ ಪಾಡು ಬೇರೆ. ಅವುಗಳಲ್ಲಿ ಎಲ್ಲದಕ್ಕೂ ಇರುವ ಒಂದು ಜೀನೇ ಇಲ್ಲ, ಹಿಡಿದೆಳೆಯಲು ತುದಿ ಸಿಗುವುದಿಲ್ಲ. ಯಾವ ವೈರಸ್ ಎಂಬ ಅಂದಾಜೂ ಇಲ್ಲದಿದ್ದರೆ ಎಲೆಯಲ್ಲಿರುವುದನ್ನೆಲ್ಲ ಓದಿಬಿಡುವುದು ಈಗಿನ ದಾರಿ. ಗಿಡದ್ದು, ಬೂಷ್ಟಿನದ್ದು, ವೈರಸ್ಸಿನದ್ದು ಎಲ್ಲ ಲಕ್ಷಗಟ್ಟಲೆ ಚೂರಾಗಿ ಬರುತ್ತದೆ. ಕಂಪ್ಯೂಟರು ಜೊಳ್ಳು ತೂರಿ ಕಾಳು ಆರಿಸುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ನ್ಯಾನೊಪೋರ್ ಯಂತ್ರವೂ ಬಂದಿದೆ, ಲ್ಯಾಪ್‌ಟಾಪಿಗೆ ಚುಚ್ಚಿ ಹೊಲದ ಬದುವಿನಲ್ಲೇ ಓದಬಹುದು. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಗೋಧಿಗೆ ಬೆಂಕಿ ರೋಗ ಬಿದ್ದಾಗ, ರೋಗದ ಎಲೆಯಲ್ಲಿದ್ದುದನ್ನೆಲ್ಲ ಒಟ್ಟಾಗಿ ಓದಿ, ಈ ಶಿಲೀಂಧ್ರ ದಕ್ಷಿಣ ಅಮೆರಿಕದ ಕಡೆಯದು ಎಂದು ಕೆಲವೇ ವಾರಗಳಲ್ಲಿ ಹೇಳಿದರು. ನಮ್ಮ ಭತ್ತಕ್ಕೆ, ರಾಗಿಗೆ ಬರುವ ಬೆಂಕಿ ರೋಗದ ದಾಯಾದಿ ಅದು. ಬರಿಯ ಕಣ್ಣಿಗೆ ಬಿಡಿ, ಮೈಕ್ರೋಸ್ಕೋಪಿಗೂ ಅದರ ಊರು ಕಾಣುತ್ತಿರಲಿಲ್ಲ.

ಎಡವಟ್ಟುಗಳನ್ನೂ ಹೇಳಬೇಕು. ಪಿಸಿಆರ್‌ನ ಬಲವೇ ಅದರ ಕಾಟ. ಗಾಳಿಯಲ್ಲಿ ಹಾರಿಬಂದ ಒಂದು ಕಣವನ್ನೂ ಅದು ಕೋಟಿ ಮಾಡುತ್ತದೆ. ಅದಕ್ಕೇ ಪ್ರತಿ ಸಲ ಒಂದು ಟ್ಯೂಬಿಗೆ ಬರೀ ನೀರು ಹಾಕಿಡುತ್ತೇವೆ. ಅದರಲ್ಲಿ ಏನೂ ಬರಕೂಡದು. ಒಮ್ಮೆ ನನ್ನ ನೀರಿನ ಟ್ಯೂಬನ್ನು ಪರೀಕ್ಷಿಸಿದರೆ, ಡಿಎನ್‌ಎ ಇದೆ ಎಂದು ತೋರಿಸುವ ಗೆರೆ ಚೆನ್ನಾಗಿ ಹೊಳೆಯುತ್ತಿತ್ತು. ದ್ರಾವಣ ಅಳೆದು ಹಾಕುವ ಪಿಪೆಟ್ ಸರಿಯಾಗಿ ತೊಳೆಯದ ತಪ್ಪು ನನ್ನದೇ. ಒಂದು ವಾರದ ಕೆಲಸ ಕಸದ ಬುಟ್ಟಿಗೆ ಹೋಯಿತು.

ಇನ್ನೊಂದು, ಡಿಎನ್‌ಎ ಸಿಕ್ಕಿತು ಎಂದರೆ ಅಪರಾಧ ಸಾಬೀತಾಯಿತು ಎಂದಲ್ಲ. ಕೊಳೆತ ಗೆಡ್ಡೆಯ ಮೇಲೆ ಹತ್ತು ಥರದ ಬೂಷ್ಟು ಇರುತ್ತದೆ. ಗೆಡ್ಡೆ ಸತ್ತ ಮೇಲೆ ಊಟಕ್ಕೆ ಬಂದವೇ ಜಾಸ್ತಿ. ಕೊಂದವನು ಯಾರು ಎನ್ನುವುದಕ್ಕೆ ಅದನ್ನು ಬೇರೆ ಮಾಡಿ ಬೆಳೆಸಿ, ಆರೋಗ್ಯದ ಗಿಡಕ್ಕೆ ತಗಲಿಸಿ, ಅದೇ ರೋಗ ಬರುತ್ತದೆಯೇ ನೋಡುವ ಹಳೆಯ ವಿಧಾನವೇ ಬೇಕು.

ಎಲ್ಲದಕ್ಕೂ ಲ್ಯಾಬಿಗೆ ಓಡಿಬರಬೇಕಾಗಿಲ್ಲ ಎಂಬುದನ್ನೂ ನಾನೇ ಹೇಳುತ್ತೇನೆ. ಶುಂಠಿ ಸೊರಗಿದರೆ ಕಾಂಡ ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೊಯ್ದ ಕಡೆಯಿಂದ ಹಾಲಿನ ಎಳೆಯಂತೆ ಇಳಿದರೆ ಅದು ಬ್ಯಾಕ್ಟೀರಿಯಾ. ಕಾಸು ಖರ್ಚಿಲ್ಲ. ಹುಳು ದೊಡ್ಡದಿದ್ದರೆ ಮಂಡ್ಯದ ವಿ.ಸಿ. ಫಾರಂನಲ್ಲೋ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೀಟ ಶಾಸ್ತ್ರ ಓದಿದವರಿಗೆ ಒಮ್ಮೆ ತೋರಿಸಿ. ಅವರಿಗೂ ಅನುಮಾನ ಬಂದರೆ, ಅಥವಾ ಇಲ್ಲಿ ಹಿಂದೆಂದೂ ಕಾಣದ್ದು ಅನ್ನಿಸಿದರೆ, ಆಗ ಡಿಎನ್‌ಎ.

ಕಳಿಸುವಾಗ ಪ್ಲಾಸ್ಟಿಕ್ ಕವರ್ ಬೇಡ. ಹುಳುವಾದರೆ 95 ಶೇಕಡಾ ಆಲ್ಕೋಹಾಲಿನಲ್ಲಿ ಮುಳುಗಿಸಿ. ಫಾರ್ಮಲಿನ್ ಬೇಡವೇ ಬೇಡ, ಅದು ದೇಹ ಉಳಿಸಿ ಡಿಎನ್‌ಎ ಕೆಡಿಸುತ್ತದೆ. ರೋಗದ ಎಲೆಯಾದರೆ ಪೂರ್ತಿ ಕೊಳೆತದ್ದು ತರಬೇಡಿ, ರೋಗವೂ ಹಸಿರೂ ಸೇರುವ ಅಂಚನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿ. ಊರು, ಬೆಳೆ, ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಬಾಟಲಿಯೊಳಗೇ ಹಾಕಿ. ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿಯನ್ನು ಆಲ್ಕೋಹಾಲ್ ತೊಳೆದುಬಿಡುತ್ತದೆ.

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿ, ಕೈಯಲ್ಲಿ ಆಲ್ಕೋಹಾಲಿನ ಬಾಟಲಿ ಕೊಟ್ಟು ಕಳಿಸಿದೆ. ಮುಂದಿನ ವಾರ ನಾಲ್ಕು ಹುಳು ಬಂದವು. ಚೀಟಿ ಇರಲಿಲ್ಲ, ಇರಲಿ. ಮೂರಕ್ಕೆ ಒಂದೇ ಉತ್ತರ, ಸ್ಪೊಡಾಪ್ಟೆರಾ ಫ್ರುಜಿಪೆರ್ಡಾ. ನಾಲ್ಕನೆಯದು ಕಣಜ ಎಂದು ಬಂತು. ಹುಳು ಓದಿಸಿದರೆ ಕಣಜ ಹೇಗೆ? ಅದರ ಮೈಯೊಳಗೆ ಕಣಜವೊಂದು ಮೊಟ್ಟೆ ಇಟ್ಟು, ಮರಿ ಒಳಗಿನಿಂದಲೇ ತಿನ್ನುತ್ತಿತ್ತು. ನಾವು ತೆಗೆದ ಚೂರಿನಲ್ಲಿ ಆ ಮರಿಯದೇ ಡಿಎನ್‌ಎ ಜಾಸ್ತಿ ಇತ್ತು. ಅವರ ಹೊಲದಲ್ಲಿ ಕೂಲಿ ಕೇಳದೆ ಕೆಲಸ ಮಾಡುವವರೂ ಇದ್ದಾರೆ ಎಂದಾಯಿತು.

ಫೋನ್ ಮಾಡಿ ಹೆಸರು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಅಂದ್ರೆ ಲದ್ದಿ ಹುಳಾನೇಯಾ?"

"ಹೂಂ ದೊಡ್ಡಪ್ಪ. ಕಣಜದ್ದು ಹೇಳ್ತೀನಿ ಇರಿ, ಅದೂ…"

"ಲೇ, ನಮ್ ಹೈದ ಫೋನ್ ನೋಡ್ಕಂಡೇ ಯೋಳಿದ್ನಲ್ಲೋ!"